ರೇಡ್ ಕೈಕೊಟ್ಟಾಗ ಹುಬ್ಬಳ್ಳಿಯ ಒಂದು ಡೇಟಾ ರಿಕವರಿ ಅಂಗಡಿ

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಚಿತ್ರಗಳನ್ನು ಲ್ಯಾಪ್‌ಟಾಪಿಗೆ ಇಳಿಸಿ ಕ್ಯಾಮೆರಾದ ಕಾರ್ಡನ್ನು ಖಾಲಿ ಮಾಡಿದ ಮರುದಿನ ಬೆಳಿಗ್ಗೆ ವಿಂಡೋಸ್ ತೆರೆಯಲೇ ಇಲ್ಲ. ಒಳಗಿನ ಎರಡು ಎಸ್‌ಎಸ್‌ಡಿ ಡ್ರೈವುಗಳಲ್ಲಿ ಒಂದು ‘ಮಿಸ್ಸಿಂಗ್’, ಎರಡನ್ನೂ ಒಂದೇ ಡಿಸ್ಕಿನಂತೆ ಜೋಡಿಸಿದ್ದ ರೇಡ್ ವಾಲ್ಯೂಮ್ ‘ಫೇಲ್ಡ್’ ಎಂದಷ್ಟೇ ಪರದೆ ತೋರಿಸುತ್ತಿತ್ತು. ವೇಗದ ಆಸೆಗೆ ರೇಡ್ 0 ಆಯ್ದುಕೊಂಡವನು ನಾನೇ. 1987ರಲ್ಲಿ ಬರ್ಕ್ಲಿಯ ಸಂಶೋಧಕರು ಈ ಹೆಸರಿಟ್ಟಾಗ ಅದರ ಮೊದಲ ಅಕ್ಷರ ‘ಆರ್’ (ರಿಡಂಡಂಟ್) ಸೂಚಿಸಿದ್ದು ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಸುವ ಹೆಚ್ಚುವರಿ ವ್ಯವಸ್ಥೆಯನ್ನು. ಸೊನ್ನೆಯ ಮಾದರಿಯಲ್ಲಿ ಇಲ್ಲದಿರುವುದು ಅದೊಂದೇ. ದೊಡ್ಡ ಕಡತಗಳೆಲ್ಲ ತುಂಡುತುಂಡಾಗಿ ಎರಡೂ ಡ್ರೈವುಗಳಿಗೆ ಹಂಚಿಹೋಗುವುದರಿಂದ, ಒಂದು ಹೋದರೆ ಇನ್ನೊಂದರಲ್ಲಿ ಉಳಿಯುವುದು ಅರೆಬರೆ ಚೂರುಗಳು ಮಾತ್ರ.

ಊರಿನಲ್ಲೇ ಒಬ್ಬರು ‘ಫಾರ್ಮ್ಯಾಟ್ ಹೊಡೆದರೆ ಸರಿಯಾಗುತ್ತದೆ’ ಎಂದರು. ಲ್ಯಾಪ್‌ಟಾಪ್ ಸರಿಯಾಗುತ್ತಿತ್ತು, ನಿಜ. ಹುಬ್ಬಳ್ಳಿಯ ಅಂಗಡಿಗೆ ಫೋನ್ ಮಾಡಿದಾಗ ಬಂದ ಉತ್ತರವೇ ಬೇರೆ: “ಇಲ್ಲಿಗೆ ಬರೂತನಕ ಚಾಲೂ ಮಾಡಬ್ಯಾಡ್ರಿ ಸರ, ಬಯಾಸ್‌ನ್ಯಾಗೂ ಏನೂ ಮುಟ್ಟಬ್ಯಾಡ್ರಿ.” ಬಯಾಸ್, ಅಂದರೆ ವಿಂಡೋಸ್‌ಗೂ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆಯಲ್ಲಿ, ಡಿಸ್ಕನ್ನು ‘ನಾನ್-ರೇಡ್’ ಮಾಡುವ ಆಯ್ಕೆಯನ್ನು ಒತ್ತಿದ್ದರೆ ಜೋಡಣೆಯ ಗುರುತುಗಳೇ ಅಳಿಸಿಹೋಗುತ್ತಿದ್ದವು ಎಂಬುದು ನನಗೆ ಆಮೇಲೆ ತಿಳಿಯಿತು.

ಅಲ್ಲಿ ತಂತ್ರಜ್ಞರು ಎರಡೂ ಡ್ರೈವುಗಳನ್ನು ಹೊರತೆಗೆದು ಒಂದು, ಎರಡು ಎಂದು ಚೀಟಿ ಅಂಟಿಸಿದರು. ಕಾಣೆಯಾಗಿದ್ದದ್ದು ಒಮ್ಮೆ ಕಾಣಿಸಿಕೊಳ್ಳುತ್ತಿತ್ತು, ಒಮ್ಮೆ ಮರೆಯಾಗುತ್ತಿತ್ತು. ಅದರಿಂದ ನೇರವಾಗಿ ಚಿತ್ರಗಳನ್ನು ತೆಗೆಯಲು ಅವರು ಒಪ್ಪಲಿಲ್ಲ. ನಾನು ಕೊಂಡು ತಂದ 2 ಟಿಬಿ ಹಾರ್ಡ್ ಡಿಸ್ಕಿಗೆ, ತಲಾ 512 ಜಿಬಿಯ ಎರಡನ್ನೂ ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ನಕಲು ಸಲಕರಣೆಯ ಮೂಲಕ ಪಡಿಯಚ್ಚು ತೆಗೆದರು. ಓದಲು ಸಿಗದ ಜಾಗವನ್ನು ಬಿಟ್ಟು ಮುಂದೆ ಸಾಗಿ, ಸುಲಭವಾದದ್ದೆಲ್ಲ ಕೈಸೇರಿದ ಮೇಲೆ ಉಳಿದದ್ದಕ್ಕೆ ಮತ್ತೆ ಯತ್ನಿಸುವುದು ಈ ಸಲಕರಣೆಯ ಕ್ರಮವಾದ್ದರಿಂದ, ಸಾಯುತ್ತಿರುವ ಡ್ರೈವಿಗೆ ಮೊದಲೇ ಹೊರೆ ಬೀಳುವುದಿಲ್ಲ. ಬಳಿಕ ಪಡಿಯಚ್ಚುಗಳನ್ನೇ ಎಂಡಿಎಡಿಎಂ ಎಂಬ ಲಿನಕ್ಸ್‌ನ ರೇಡ್ ಸಲಕರಣೆ ಬಳಸಿ, ಓದಲಷ್ಟೇ ಬರುವಂತೆ ಜೋಡಿಸಿದರು. ಕೊನೆಗೆ ಡಿಸ್ಕಿನ ಮಾಹಿತಿಗೆ ವಿಂಡೋಸ್ ಹಾಕುವ ಬೀಗ, ಬಿಟ್‌ಲಾಕರ್, ಅಡ್ಡ ಬಂದಿತು. ಅದರ 48 ಅಂಕಿಗಳ ರಿಕವರಿ ಕೀ ನನ್ನ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಕ್ಕಿರದಿದ್ದರೆ ಅಷ್ಟೂ ಶ್ರಮ ನೀರಿನಲ್ಲಿ ಹೋಮವಾಗುತ್ತಿತ್ತು.

ಹನ್ನೊಂದು ಚಿತ್ರಗಳು ತೆರೆಯಲಿಲ್ಲ, ಉಳಿದವೆಲ್ಲ ಬಂದವು. 6,500 ರೂಪಾಯಿ ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಅಂದಾಜು ವೆಚ್ಚವನ್ನು ಮೊದಲೇ ಬರೆದು ಕೊಡಲಿಲ್ಲ, ‘ನಾಳೆ’ ಎಂದದ್ದು ಮೂರನೆಯ ದಿನವಾಯಿತು. ಬೇರೆ ಊರಿನಿಂದ ಬಂದು ಲಾಡ್ಜಿನಲ್ಲಿ ಕಾಯುವವರಿಗೆ ಇದು ಸಣ್ಣ ಸಂಗತಿಯಲ್ಲ. ಹೊರಡುವಾಗ ಹೊಸ ಎಸ್‌ಎಸ್‌ಡಿಯ ಬೆಲೆ ಕೇಳಿದೆ. ಕೆಟ್ಟದ್ದರ ಮೇಲಿನ ಸಂಖ್ಯೆಯನ್ನು ಕಂಪನಿಯ ತಾಣದಲ್ಲಿ ಹಾಕಿ ನೋಡಿ, ವಾರಂಟಿ ಇನ್ನೂ ಇದೆ, ಬದಲಿಗೆ ಕಳುಹಿಸಿ ಎಂದರು.