ಮೂಲವ್ಯಾಧಿ ಅಂದುಕೊಂಡು ಎಕ್ಕದ ಹಾಲು ಹಚ್ಚಿಕೊಂಡೆ, ನೀವು ಹಚ್ಚಬೇಡಿ

ಹೇಳಿಕೊಳ್ಳಲು ನಾಚಿಕೆ ಆಗುವ ವಿಷಯ. ಆದರೆ ಆ ನಾಚಿಕೆಯಿಂದಲೇ ನನಗೆ ಇಷ್ಟು ಕಷ್ಟ ಬಂದಿದ್ದು. ಅದಕ್ಕೆ ಬಿಡಿಸಿ ಬರೆಯುತ್ತಿದ್ದೇನೆ.

ಮಂಡ್ಯದಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಹೋದ ವರ್ಷ ಪಿತೃಪಕ್ಷದಲ್ಲಿ ಮೂರು ಮನೆ ಬಾಡೂಟ ಆಯಿತು. ಸೊಪ್ಪು ತರಕಾರಿ ಹೊಟ್ಟೆಗೆ ಬಿದ್ದಿರಲಿಲ್ಲ. ಹಿಂದೆಯೇ ದಸರಾಗೆ ಬ್ಲೌಸ್‌ಗಳ ರಾಶಿ. ಪದೇ ಪದೇ ಮಿಷನ್ ಬಿಟ್ಟು ಏಳಬೇಕಾಗುತ್ತೆ ಅಂತ ನೀರನ್ನೂ ಕುಡಿಯುತ್ತಿರಲಿಲ್ಲ. ಮಲ ಕಲ್ಲಿನ ಹಾಗೆ ಗಟ್ಟಿಯಾಯಿತು. ಒಂದು ಬೆಳಗ್ಗೆ ತಿಣುಕಿ ಎದ್ದಾಗ ಕೆಂಪಗೆ ರಕ್ತ. ಗಾಜಿನ ಚೂರಲ್ಲಿ ಕೊಯ್ದ ಹಾಗೆ ನೋವು, ಮಧ್ಯಾಹ್ನದವರೆಗೂ ಉರಿ.

ರಕ್ತ ಬಂತು ಅಂದರೆ ಮೂಲವ್ಯಾಧಿ, ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಯಜಮಾನರಿಗೂ ಹೇಳಲಿಲ್ಲ. ಪಕ್ಕದ ಮನೆಯವರ ಹತ್ತಿರ ಮಾತ್ರ ಹೇಳಿಕೊಂಡೆ. ಅವರು ಒಳ್ಳೆ ಮನಸ್ಸಿನಿಂದಲೇ ಒಂದು ಸಣ್ಣ ಡಬ್ಬಿ ತಂದುಕೊಟ್ಟರು. ಯಾರೋ ನಾಟಿ ಔಷಧಿ ಕೊಡುವವರದ್ದಂತೆ. ಎಕ್ಕದ ಹಾಲು, ಸುಣ್ಣ, ಅರಿಶಿನ ಕಲೆಸಿದ ಲೇಪ. ‘ಮೂರು ರಾತ್ರಿ ಹಚ್ಚು, ಮೊಳಕೆ ಉದುರಿ ಹೋಗುತ್ತೆ’ ಅಂದರು. ಗಿಡದ್ದು ತಾನೇ, ಏನು ಆಗಿಬಿಡುತ್ತೆ ಅಂತ ಮಲಗುವ ಮುಂಚೆ ಹಚ್ಚಿಕೊಂಡೆ.

ಹತ್ತು ನಿಮಿಷ ಆಗಿರಲಿಲ್ಲ, ಬೆಂಕಿ ಇಟ್ಟ ಹಾಗಾಯಿತು. ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಉರಿದರೆ ಔಷಧಿ ಕೆಲಸ ಮಾಡುತ್ತಿದೆ ಅಂತ ಹೇಳಿದ್ದರು. ಅದನ್ನು ನಂಬಿ ತೊಳೆಯಲಿಲ್ಲ. ನಾನು ಮಾಡಿದ ದೊಡ್ಡ ತಪ್ಪು ಅದು. ಬೆಳಗ್ಗೆ ಹೊತ್ತಿಗೆ ಅಲ್ಲೆಲ್ಲ ಊದಿಕೊಂಡಿತ್ತು, ಚರ್ಮ ಸುಲಿದಿತ್ತು, ಮೂತ್ರವೂ ಸಲೀಸಾಗಿ ಬರಲಿಲ್ಲ. ಆಗ ಯಜಮಾನರಿಗೆ ಹೇಳದೆ ಬೇರೆ ದಾರಿ ಇರಲಿಲ್ಲ.

ಆಸ್ಪತ್ರೆಯಲ್ಲಿ ನೋಡಿದ್ದು ಲೇಡಿ ಡಾಕ್ಟರ್. ಡಬ್ಬಿ ತೋರಿಸಿದೆ. ನೋಡಿ ಅವರು ಹೇಳಿದ್ದು ಕೇಳಿ ನನಗೆ ಅಳುವೇ ಬಂತು. ನನಗೆ ಮೂಲವ್ಯಾಧಿ ಇರಲೇ ಇಲ್ಲ. ಅದು ಫಿಷರ್, ಅಂದರೆ ಮಲದ್ವಾರದ ಚರ್ಮ ಸೀಳಿ ಆಗಿದ್ದ ಗಾಯ. ಹಸಿ ಗಾಯದ ಮೇಲೆ ಸುಣ್ಣ, ಎಕ್ಕದ ಹಾಲು! ಎರಡೂ ಚರ್ಮ ಸುಡುವಂಥವು. ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ಕಣ್ಣಿಗೇ ಅಪಾಯ ಅಂತ ಚಿಕ್ಕವರಿದ್ದಾಗ ನಮಗೆಲ್ಲ ಹೇಳುತ್ತಿದ್ದರು. ಆ ಮಾತು ಆವತ್ತು ನೆನಪಾಗಲಿಲ್ಲ.

ಡಾಕ್ಟರ್ ವ್ಯತ್ಯಾಸ ಹೇಳಿಕೊಟ್ಟರು. ಮೂಲವ್ಯಾಧಿಯಲ್ಲಿ ರಕ್ತನಾಳಗಳು ಊದಿಕೊಂಡಿರುತ್ತವೆ. ಒಳಗಿನ ಮೂಲವ್ಯಾಧಿಯಾದರೆ ಹೆಚ್ಚಾಗಿ ನೋವಿಲ್ಲದೆ ರಕ್ತ ಬರುತ್ತದೆ. ಫಿಷರ್‌ನಲ್ಲಿ ಮಲ ಹೋಗುವಾಗ ಕೊಯ್ದಂಥ ನೋವು, ಆಮೇಲೂ ಗಂಟೆಗಟ್ಟಲೆ ಉರಿ. ಕರುಳಿನ ಕ್ಯಾನ್ಸರ್‌ನಲ್ಲೂ ರಕ್ತ ಬರಬಹುದಂತೆ. ಹಾಗಾಗಿ ಯಾವುದು ಅಂತ ನಾವೇ ತೀರ್ಮಾನ ಮಾಡೋಕೆ ಹೋಗಬಾರದು.

ಸುಟ್ಟ ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ದಸರಾ ಬಟ್ಟೆಗಳನ್ನೆಲ್ಲ ವಾಪಸ್ ಕೊಟ್ಟೆ.

ಮನೆಮದ್ದೇ ಬೇಡ ಅಂತ ನಾನು ಹೇಳುತ್ತಿಲ್ಲ. ನನಗೆ ಜಾಸ್ತಿ ಆರಾಮ ಕೊಟ್ಟಿದ್ದು ಟಬ್‌ನಲ್ಲಿ ಉಗುರು ಬೆಚ್ಚಗಿನ ನೀರು. ಬರೀ ನೀರು, ಡೆಟ್ಟಾಲ್ ಏನೂ ಹಾಕದೆ. ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ ಕೂರಬೇಕು. ರಾತ್ರಿ ಒಂದು ಚಮಚ ಇಸಬಗೋಲು ದೊಡ್ಡ ಲೋಟ ನೀರಲ್ಲಿ ಕಲೆಸಿ ತಕ್ಷಣ ಕುಡಿಯಬೇಕು, ನೀರು ಕಮ್ಮಿಯಾದರೆ ಅದೇ ಒಳಗೆ ಗಟ್ಟಿಯಾಗುತ್ತೆ. ಮುದ್ದೆ ಜೊತೆ ಬಸ್ಸಾರು, ಸೊಪ್ಪಿನ ಪಲ್ಯ, ಸೀಬೆಹಣ್ಣು, ಮಜ್ಜಿಗೆ. ಉಪ್ಸಾರಿನ ಖಾರ ಮಾತ್ರ ಉರಿ ಇಳಿಯುವವರೆಗೂ ಬಿಟ್ಟೆ. ಸುವರ್ಣಗೆಡ್ಡೆಯನ್ನು ಮೂಲವ್ಯಾಧಿಗೆ ಒಳ್ಳೆಯದು ಅಂತ ಹಿಂದಿನಿಂದಲೂ ತಿನ್ನುತ್ತಾರೆ, ಸಂಸ್ಕೃತದಲ್ಲಿ ಅದರ ಹೆಸರೇ ಅರ್ಶೋಘ್ನ. ಹುಣಸೆಹಣ್ಣು ಹಾಕಿ ಚೆನ್ನಾಗಿ ಬೇಯಿಸಿ ತಿನ್ನಿ. ಹಸಿಯಾಗಿ ಅರೆದು ಹಚ್ಚಿದರೆ ಮೈಯೆಲ್ಲ ಕೆರೆತ.

ಆಯುರ್ವೇದವನ್ನೂ ನಾನು ದೂರುತ್ತಿಲ್ಲ. ಕಳ್ಳಿ ಹಾಲು, ಕ್ಷಾರ, ಅರಿಶಿನ ಸವರಿದ ಕ್ಷಾರಸೂತ್ರ ಅನ್ನುವ ದಾರವನ್ನು ಆಯುರ್ವೇದದ ಡಾಕ್ಟರ್‌ಗಳೇ ಬಳಸುತ್ತಾರೆ. ಆದರೆ ಅವರು ಮೊದಲು ಪರೀಕ್ಷೆ ಮಾಡುತ್ತಾರೆ, ಎಲ್ಲಿಗೆ ಎಷ್ಟು ಅಂತ ಕಲಿತಿರುತ್ತಾರೆ. ಮೈಸೂರಿನಲ್ಲಿ ಸರ್ಕಾರಿ ಆಯುರ್ವೇದ ಕಾಲೇಜೇ ಇದೆ. ಹೆಸರಿಲ್ಲದ ಡಬ್ಬಿ ಯಾಕೆ ಬೇಕು?

ರಕ್ತ ಕಂಡರೆ ಒಂದು ಸಲ ತೋರಿಸಿಬಿಡಿ. ಮಲ ಕಪ್ಪಗೆ ಬಂದರೆ, ಸುಮ್ನೆ ತೂಕ ಇಳಿಯುತ್ತಿದ್ದರೆ, ತಲೆಸುತ್ತು ಬಂದರೆ, ನೋವಿನ ಜೊತೆ ಜ್ವರ ಇದ್ದರೆ ನಾಳೆ ಅನ್ನಬೇಡಿ. ಈಗಾಗಲೇ ಇಂಥ ಲೇಪ ಹಚ್ಚಿಕೊಂಡು ಉರಿಯುತ್ತಿದ್ದರೆ ಈಗಲೇ ಎದ್ದು ತಣ್ಣೀರಲ್ಲಿ ತುಂಬಾ ಹೊತ್ತು ತೊಳೆಯಿರಿ, ಆಮೇಲೆ ಆಸ್ಪತ್ರೆಗೆ ಹೋಗಿ.

ಪಕ್ಕದ ಮನೆಯವರು ನನ್ನ ಸ್ಥಿತಿ ನೋಡಿ ತುಂಬಾ ನೊಂದುಕೊಂಡರು. ಮದ್ದೂರಿನಲ್ಲಿರುವ ಅವರ ನಾದಿನಿಗೂ ಅಂಥದ್ದೇ ಡಬ್ಬಿ ಕೊಟ್ಟಿದ್ದರಂತೆ. ಅಲ್ಲೇ ಕೂತು ಫೋನ್ ಮಾಡಿಸಿದೆ. ಪುಣ್ಯಕ್ಕೆ ಅವರು ಇನ್ನೂ ಮುಚ್ಚಳ ತೆಗೆದಿರಲಿಲ್ಲ.