ಅಪ್ಪನನ್ನು ನೋಡಿಕೊಳ್ಳಲು ಏಜೆನ್ಸಿ: ಎಂಟು ತಿಂಗಳ ಅನುಭವ

ಕಳೆದ ಶ್ರಾವಣದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದವು. ಮಾತು ತೊದಲು. ಅವರಿಗೆ 78 ವರ್ಷ, ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು. ಅಮ್ಮನಿಗೆ ಮಂಡಿನೋವು, ನನಗೆ ಶಾಲೆಯ ಕೆಲಸ. ಮೈಸೂರಿನಲ್ಲೇ ಒಂದು ಹೋಮ್ ಕೇರ್ ಏಜೆನ್ಸಿಯಿಂದ ಹಗಲು 12 ಗಂಟೆಗೆ ಅಟೆಂಡರ್ ಒಬ್ಬರನ್ನು ಗೊತ್ತು ಮಾಡಿದೆವು. ತಿಂಗಳಿಗೆ 24,000 ರೂಪಾಯಿ, ಜೊತೆಗೆ ಒಂದು ತಿಂಗಳ ಡಿಪಾಸಿಟ್. ಏಜೆನ್ಸಿಯ ಹೆಸರು ಬೇಡ. ಹುಡುಕುತ್ತಿರುವವರಿಗೆ ಏನು ನೋಡಬೇಕು ಅಂತ ತಿಳಿದರೆ ಸಾಕು.

ಮೊದಲು ಬಂದವನು ಸಮವಸ್ತ್ರ ಹಾಕಿಕೊಂಡು, ನೀಟಾಗಿ ಇದ್ದ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಡಾಕ್ಟರ್ ಹೇಳಿದ್ದರು. ಅದನ್ನು ಬರೆಯಲು ಒಂದು ನೋಟ್‌ಬುಕ್ ಇಟ್ಟಿದ್ದೆವು. ದಿನಾ ಸಂಜೆ ನೋಡಿದರೆ ಎಲ್ಲಾ ತುಂಬಿರುತ್ತಿತ್ತು. ನನಗೂ ಸಮಾಧಾನ.

ಒಂದು ದಿನ ಶಾಲೆ ಬೇಗ ಬಿಟ್ಟಿತು. ಮೂರು ಗಂಟೆಗೆ ಮನೆಗೆ ಬಂದೆ. ಪುಸ್ತಕದಲ್ಲಿ ನಾಲ್ಕು ಗಂಟೆಯದ್ದೂ ಬರೆದಾಗಿದೆ, ಆರು ಗಂಟೆಯದ್ದೂ ಬರೆದಾಗಿದೆ!

ಅವತ್ತೇ ಅಪ್ಪನ ಬೆನ್ನು ನೋಡಿದೆ. ಸೊಂಟದ ಕೆಳಗೆ, ಮೂಳೆ ಎದ್ದಿರುವ ಜಾಗದಲ್ಲಿ, ರೂಪಾಯಿ ನಾಣ್ಯದಷ್ಟು ಕೆಂಪು. ಬೆರಳಿಟ್ಟು ಒತ್ತಿದೆ. ಒತ್ತಿದಾಗ ಬೆಳ್ಳಗಾಗಬೇಕು. ಆಗಲಿಲ್ಲ, ಕೆಂಪಾಗಿಯೇ ಉಳಿಯಿತು. ಅಂದರೆ ಬೆಡ್ ಸೋರ್, ಒಂದೇ ಕಡೆ ಮಲಗಿ ಆಗುವ ಹುಣ್ಣು, ಶುರುವಾಗಿದೆ ಅಂತಲೇ ಅರ್ಥ. ಅಪ್ಪನಿಗೆ ಉರಿಯುತ್ತಿತ್ತೋ ಏನೋ, ಹೇಳಲು ಬಾಯಿ ಬರಬೇಕಲ್ಲ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಇಂಥ ಸೇವೆಯಲ್ಲಿ ಇರುವ ಕಷ್ಟವೇ ಇದು. ದುಡ್ಡು ಕೊಡುವವರು ನಾವು, ಸೇವೆ ಪಡೆಯುವವರು ಬೇರೆ, ಅವರಿಗೆ ದೂರು ಹೇಳಲು ಆಗುವುದಿಲ್ಲ. ಹಿರಿಯರಿಗಾಗಿ 14567 ಸಹಾಯವಾಣಿ ಇದೆ, ಕಷ್ಟದಲ್ಲಿರುವ ಹಿರಿಯರು ಯಾರು ಬೇಕಾದರೂ ಕರೆ ಮಾಡಬಹುದು. ಆದರೆ ಅಪ್ಪನಂಥವರು ಫೋನ್ ಹಿಡಿಯುವುದಾದರೂ ಹೇಗೆ? ಹಾಗಾಗಿ ಅವರ ಮೈ ನೋಡಿಯೇ ನಾವು ತಿಳಿದುಕೊಳ್ಳಬೇಕು. ಬೆನ್ನು, ಹಿಮ್ಮಡಿ, ತೊಡೆಸಂದು, ನಾಲಿಗೆ. ದಿನಕ್ಕೆ ಐದು ನಿಮಿಷ ಸಾಕು. ನಾನು ಮೊದಲ ದಿನದಿಂದಲೇ ನೋಡಬೇಕಿತ್ತು.

ಏಜೆನ್ಸಿಗೆ ಫೋನ್ ಮಾಡಿದೆ. ಬೇರೆಯವರನ್ನು ಕಳಿಸುತ್ತೇವೆ ಮೇಡಂ ಅಂದರು. ಬರಲು ಮೂರು ದಿನ ಆಯಿತು. ಕರಾರಿನಲ್ಲಿ 24 ಗಂಟೆಯೊಳಗೆ ಅಂತ ಇತ್ತು. ಆ ಮೂರು ದಿನ ರಜೆ ಹಾಕಿ ನಾನೇ ನೋಡಿಕೊಂಡೆ. ದೇವರ ದಯೆ, ಚರ್ಮ ಒಡೆಯುವ ಮೊದಲೇ ಕೆಂಪು ಇಳಿಯಿತು.

ಆಮೇಲೆ ಬಂದವನು ಎಚ್.ಡಿ. ಕೋಟೆ ಕಡೆಯ ಹುಡುಗ. ಅವನು ಅಪ್ಪನಿಗೆ ಅಂಗಿ ತೊಡಿಸುವುದನ್ನು ನೋಡಿದ ಮೇಲೆ ನನಗೆ ನಂಬಿಕೆ ಬಂತು. ಮೊದಲಿನವನು ಚೆನ್ನಾಗಿರುವ ಎಡಗೈಗೆ ಮೊದಲು ತೋಳು ಹಾಕಿ, ಆಮೇಲೆ ಬಲಗೈಯನ್ನು ಹಿಂದಕ್ಕೆ ಎಳೆಯುತ್ತಿದ್ದ. ಅಪ್ಪ ಮುಖ ಹಿಂಡುತ್ತಿದ್ದರು. ಈ ಹುಡುಗ ಮಂಚದ ಪಕ್ಕ ಕೂತ. ಅಂಗಿಯ ತೋಳನ್ನು ಬಳೆಯ ಹಾಗೆ ತನ್ನ ಕೈಯಲ್ಲಿ ಮಡಿಚಿಕೊಂಡ. ಅದರೊಳಗಿಂದ ಅಪ್ಪನ ಬಲಗೈಯನ್ನು ಹಿಡಿದು, ನಿಧಾನವಾಗಿ ಭುಜದವರೆಗೆ ತೋಳು ಏರಿಸಿದ. ಎಡಗೈ ಆಮೇಲೆ. ಬಿಚ್ಚುವಾಗ ಇದರ ಉಲ್ಟಾ, ಎಡಗೈ ಮೊದಲು. ಸೋತ ಕೈಯನ್ನು ಎಳೆದರೆ ಭುಜದ ಕೀಲು ಸಡಿಲವಾಗುತ್ತದೆ ಅಕ್ಕಾ ಅಂದ. ಫಿಸಿಯೋಥೆರಪಿಯವರೂ ಇದನ್ನೇ ಹೇಳಿದ್ದರು.

ಮಲಗಿಸುವಾಗ ಮೀನಖಂಡದ ಕೆಳಗೆ ದಿಂಬು ಕೊಡುತ್ತಾನೆ, ಹಿಮ್ಮಡಿ ಹಾಸಿಗೆಗೆ ತಾಗಬಾರದು ಅಂತ. ರಾಗಿ ಗಂಜಿ ಕುಡಿಸುವಾಗ ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ ಕೊಟ್ಟು, ನುಂಗಿದ ಮೇಲೆಯೇ ಇನ್ನೊಂದು. ಅರ್ಧ ಲೋಟಕ್ಕೆ ಅರ್ಧ ಗಂಟೆ. ಆದರೂ ಗಡಿಬಿಡಿ ಮಾಡುವುದಿಲ್ಲ. ಮಗ್ಗುಲು ತಿರುಗಿಸುವ ಮೊದಲು ಕೇಳುತ್ತಾನೆ: "ತಾತ, ತಿರುಗೋಣ್ವಾ?" ಅಪ್ಪ ಸ್ವಲ್ಪ ಹೊತ್ತು ಬಿಟ್ಟು "ರೈಟ್" ಅನ್ನುತ್ತಾರೆ. ಲಕ್ವ ಹೊಡೆದ ಮೇಲೆ ಸ್ಪಷ್ಟವಾಗಿ ಬಂದ ಮೊದಲ ಮಾತು ಅದು. ಅಮ್ಮ ಅಡುಗೆಮನೆಯಿಂದ ಓಡಿ ಬಂದಿದ್ದರು.

ಹಾಗಾದರೆ ಏಜೆನ್ಸಿ ಒಳ್ಳೆಯದಾ? ಹುಡುಗನಿಗೆ ಐದಕ್ಕೆ ಐದು. ಏಜೆನ್ಸಿಗೆ ಎರಡೂವರೆ, ಅದಕ್ಕಿಂತ ಜಾಸ್ತಿ ಕೊಡಲಾರೆ. ತಿಂಗಳಿಗೆ ಎರಡು ಸಲ ನರ್ಸ್ ಬಂದು ನೋಡುತ್ತಾರೆ ಅಂದಿದ್ದರು. ಎಂಟು ತಿಂಗಳಲ್ಲಿ ಮೂರು ಸಲ ಬಂದಿದ್ದಾರೆ. ಬಂದಾಗಲೂ ಬಿಪಿ ನೋಡಿ ಸಹಿ ಹಾಕಿಸಿಕೊಂಡು ಹೋದರು, ಬೆನ್ನು ನೋಡಲಿಲ್ಲ. ಬಿಲ್ ಮಾತ್ರ ಒಂದನೇ ತಾರೀಖಿಗೆ ಸರಿಯಾಗಿ ಬರುತ್ತದೆ. ಪೊಲೀಸ್ ವೆರಿಫಿಕೇಶನ್ ಕಾಗದ ಕೇಳಿದ ದಿನವೇ ಕೊಟ್ಟರು, ಅದು ಮೆಚ್ಚಬೇಕಾದ್ದು.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡಿತು. ನಾವು ಕೊಡುವ 24,000ದಲ್ಲಿ ಹುಡುಗನ ಕೈಗೆ ಸಿಗುವುದು 14,000. ವಾರದ ರಜೆಯೂ ಇಲ್ಲ. ಇಂಥ ಕೆಲಸದಲ್ಲಿ ಎಷ್ಟು ದಿನ ಅಂತ ಇರುತ್ತಾನೆ? ಅವನು ಬಿಟ್ಟು ಹೋದರೆ ಮತ್ತೆ ನಮ್ಮ ಅಪ್ಪನೇ ಅಲ್ವಾ ಅನುಭವಿಸುವುದು? ನೀವು ಏಜೆನ್ಸಿಗೆ ಹೋದಾಗ ಇದನ್ನು ನೇರವಾಗಿ ಕೇಳಿ: ಅಟೆಂಡರ್‌ಗೆ ಎಷ್ಟು ಕೊಡುತ್ತೀರಿ, ರಜೆ ಯಾವಾಗ, ಆ ದಿನ ಯಾರು ಬರುತ್ತಾರೆ. ಉತ್ತರ ತಡವರಿಸಿದರೆ ಡಿಪಾಸಿಟ್ ಕಟ್ಟಬೇಡಿ.

ಹೋದ ವಾರ ಕರಾರು ಮುಂದುವರಿಸಿದೆವು, ಮೂರು ತಿಂಗಳಿಗೆ ಮಾತ್ರ. ಹುಡುಗನಿಗೆ ಭಾನುವಾರ ರಜೆ, ನರ್ಸ್ ಬಂದಾಗ ಬೆನ್ನು, ಹಿಮ್ಮಡಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ಎರಡನ್ನೂ ಬರವಣಿಗೆಯಲ್ಲಿ ಹಾಕಿಸಿದ್ದೇವೆ. ಭಾನುವಾರ ಅಪ್ಪನಿಗೆ ಅಂಗಿ ತೊಡಿಸುವುದು ನಾನೇ. ಬಲಗೈ ಮೊದಲು.