ಮಾರಾಟ ನಿಂತ ಸೋಲೋ ಸ್ಟ್ರಿಂಗ್ಸ್ ಲೈಬ್ರರಿ ನಿಮ್ಮ ಬಳಿ ಇದ್ದರೆ, ಹಳೆಯ ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವ ಮುನ್ನ ಇದನ್ನು ಓದಿ

ಮೂರು ವರ್ಷದ ಹಿಂದೆ ಗೆಳೆಯನೊಬ್ಬನ ಕಿರುಚಿತ್ರಕ್ಕೆ ಸಂಗೀತ ಮಾಡಿಕೊಟ್ಟಿದ್ದೆ. ಒಂದು ವಯಲಿನ್, ಒಂದು ಚೆಲ್ಲೋ, ಅಷ್ಟೇ. ಹೋದ ತಿಂಗಳು ಅವನು ಫೋನ್ ಮಾಡಿ, ಚಿತ್ರವನ್ನು ಮತ್ತೆ ಎಡಿಟ್ ಮಾಡಿದ್ದೇನೆ, ಕೊನೆಯ ದೃಶ್ಯ ನಲವತ್ತು ಸೆಕೆಂಡ್ ಬೆಳೆದಿದೆ, ಸಂಗೀತವನ್ನೂ ಅಷ್ಟು ಹಿಗ್ಗಿಸಿಕೊಡು ಅಂದ. ಅರ್ಧ ದಿನದ ಕೆಲಸ ಅಂದುಕೊಂಡು ಒಪ್ಪಿಕೊಂಡೆ.

ಪ್ರಾಜೆಕ್ಟ್ ತೆರೆದರೆ ಎರಡೂ ಟ್ರ್ಯಾಕ್ ಮೂಕ. ಸ್ವರಗಳೆಲ್ಲ ಪರದೆಯ ಮೇಲೆ ಇಟ್ಟಲ್ಲೇ ಇವೆ. ಪ್ಲೇ ಒತ್ತಿದರೆ ಗೆರೆ ಅವುಗಳನ್ನು ದಾಟಿಕೊಂಡು ಹೋಗುತ್ತದೆ, ಸದ್ದು ಮಾತ್ರ ಇಲ್ಲ. ವಾದ್ಯ ಇರಬೇಕಾದ ಜಾಗದಲ್ಲಿ ‘ಪ್ಲಗಿನ್ ಸಿಗುತ್ತಿಲ್ಲ’ ಎಂಬ ಒಂದು ಸಾಲು. ಪ್ಲಗಿನ್ ಅಂದರೆ ಸಂಗೀತದ ಸಾಫ್ಟ್‌ವೇರಿನೊಳಗೆ ವಾದ್ಯವಾಗಿ ಕೂರುವ ಪ್ರೋಗ್ರಾಮು.

ನಾನು ಬಳಸಿದ್ದು ಸೋಲೋ ಸ್ಟ್ರಿಂಗ್ಸ್, ಅಂದರೆ ಒಂಟಿ ತಂತಿವಾದ್ಯಗಳ ಸ್ಯಾಂಪಲ್ ಲೈಬ್ರರಿ. ನಿಜವಾದ ವಾದಕರು ಸ್ಟುಡಿಯೋದಲ್ಲಿ ಕೂತು ಒಂದೊಂದು ಸ್ವರವನ್ನೂ ಮೆಲ್ಲಗೆ, ಜೋರಾಗಿ, ಕಂಪನ ಇಟ್ಟು, ಕಂಪನ ಇಲ್ಲದೆ, ಕಮಾನು ಎಳೆದು, ತಂತಿ ಮೀಟಿ ನುಡಿಸಿರುತ್ತಾರೆ. ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳು ಹೋಗುವ ಆ ಕ್ಷಣವನ್ನೂ ಬೇರೆಯಾಗಿ ರೆಕಾರ್ಡ್ ಮಾಡಿರುತ್ತಾರೆ. ಪಿಯಾನೋ ಥರದ ಕೀಬೋರ್ಡ್ ಒತ್ತಿದಾಗ ಸಾಫ್ಟ್‌ವೇರ್ ಅವನ್ನೆಲ್ಲ ಜೋಡಿಸಿ ಕೊಡುತ್ತದೆ. ಈ ಲೈಬ್ರರಿಯ ಚೆಲ್ಲೋ ನನಗೆ ತುಂಬ ಇಷ್ಟ. ಕೆಳಗಿನ ತಂತಿಯಲ್ಲಿ ಕಮಾನು ಹಿಡಿಯುವಾಗ ಬರುವ ಸಣ್ಣ ಗೊರಗೊರ ಸದ್ದನ್ನು ಅವರು ಒರೆಸಿ ಹಾಕಿರಲಿಲ್ಲ.

ಕಂಪನಿಯ ಹೆಸರು ಇಲ್ಲಿ ಬೇಡ. ಎರಡು ವರ್ಷದ ಹಿಂದೆ ಅವರಿಂದ ಒಂದು ಮೇಲ್ ಬಂದಿತ್ತು: ಈ ಲೈಬ್ರರಿಯ ಮಾರಾಟ ನಿಲ್ಲಿಸುತ್ತಿದ್ದೇವೆ, ಈಗಾಗಲೇ ಕೊಂಡವರು ಎಂದಿನಂತೆ ಬಳಸಬಹುದು. ‘ಎಂದಿನಂತೆ’ ಅನ್ನುವ ಮಾತು ನೋಡಿ ನಾನು ನಿರಾಳವಾದೆ. ಅಲ್ಲೇ ಮೋಸ ಹೋದದ್ದು. ಆ ಮಾತಿನ ಅರ್ಥ, ಈಗ ಯಾವ ಯಂತ್ರದಲ್ಲಿ ಆಕ್ಟಿವೇಟ್ ಆಗಿದೆಯೋ, ಅಂದರೆ ಕಂಪನಿಯ ಸರ್ವರ್ ಒಪ್ಪಿ ಬೀಗ ತೆರೆದಿದೆಯೋ, ಆ ಯಂತ್ರದಲ್ಲಿ ನಡೆಯುತ್ತದೆ, ಅಷ್ಟೇ. ಹೊಸ ಯಂತ್ರದ ಬಗ್ಗೆ ಅವರು ಏನೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಹೊಸ ಕಂಪ್ಯೂಟರ್ ತೆಗೆದುಕೊಂಡೆ. ಸ್ಯಾಂಪಲ್‌ಗಳ ಫೋಲ್ಡರನ್ನು ಜೋಪಾನವಾಗಿ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡೆ. ಹಳೆಯ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿ ಅಕ್ಕನ ಮಗಳಿಗೆ ಕೊಟ್ಟೆ. ಈ ಲೈಬ್ರರಿ ನುಡಿಯುತ್ತಿದ್ದ ಒಂದೇ ಒಂದು ಯಂತ್ರವನ್ನು ನನ್ನ ಕೈಯಾರೆ ಅಳಿಸಿದೆ ಅಂತ ಗೊತ್ತಾದದ್ದು ಈಗ.

ಇನ್‌ಸ್ಟಾಲರ್ ಓಡಿತು. ಸೀರಿಯಲ್ ನಂಬರ್ ಕೇಳಿತು, ಕೊಟ್ಟೆ. ‘ಸರ್ವರ್ ಸಂಪರ್ಕಕ್ಕೆ ಸಿಗುತ್ತಿಲ್ಲ’ ಅಂದಿತು. ನನ್ನ ಇಂಟರ್‌ನೆಟ್ಟಿನ ತೊಂದರೆ ಇರಬೇಕು ಅಂತ ಫೈರ್‌ವಾಲ್ ತೆಗೆದೆ, ಬೇರೆ ನೆಟ್‌ವರ್ಕ್ ಹಾಕಿದೆ, ಒಂದು ಸಂಜೆ ಪೂರ್ತಿ ಅದರಲ್ಲೇ ಕಳೆಯಿತು. ಸಹಾಯ ವಿಭಾಗಕ್ಕೆ ಬರೆದೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು: ಆ ಉತ್ಪನ್ನದ ಆಕ್ಟಿವೇಶನ್ ಸೇವೆ ಮುಚ್ಚಿದೆ, ನಮ್ಮ ಹೊಸ ಲೈಬ್ರರಿಯನ್ನು ರಿಯಾಯಿತಿಯಲ್ಲಿ ಪಡೆಯಬಹುದು. ಅಂದರೆ ಡಿಸ್ಕಿನಲ್ಲಿರುವ ಅಷ್ಟೂ ಸ್ವರಗಳು ನನ್ನ ಬಳಿಯೇ ಇವೆ, ಆದರೆ ಎಲ್ಲಕ್ಕೂ ಬೀಗ ಬಿದ್ದಿದೆ, ಕೀಲಿ ಕೊಡುವವರು ಅಂಗಡಿ ಮುಚ್ಚಿಕೊಂಡು ಹೋಗಿದ್ದಾರೆ.

ಇಲ್ಲಿಗೇ ನಿಲ್ಲಿಸಬೇಕಿತ್ತು. ನಾನು ಇನ್ನೊಂದು ಹಳ್ಳಕ್ಕೆ ಬಿದ್ದೆ. ಇದೇ ಲೈಬ್ರರಿಯ ಮೊದಲ ಆವೃತ್ತಿ ಕಾಂಟ್ಯಾಕ್ಟ್ ಎಂಬ ಸ್ಯಾಂಪ್ಲರಿನಲ್ಲಿ, ಅಂದರೆ ಸ್ಯಾಂಪಲ್‌ಗಳನ್ನು ನುಡಿಸುವ ಬೇರೊಂದು ಸಾಫ್ಟ್‌ವೇರಿನಲ್ಲಿ, ಓಡುವ ಹಾಗೆ ಬಂದಿತ್ತು, ಅದಕ್ಕೆ ಬೀಗ ಇರಲಿಲ್ಲ. ಒಬ್ಬರು ಅದನ್ನು ಸೆಕೆಂಡ್ ಹ್ಯಾಂಡ್ ಮಾರುತ್ತಿದ್ದರು. ಉಚಿತವಾಗಿ ಸಿಗುವ ಕಾಂಟ್ಯಾಕ್ಟ್ ಪ್ಲೇಯರ್ ಸಾಕು ಅಂದರು. ಹಣ ಕಳಿಸಿದೆ, ಫೈಲ್ ಬಂತು, ಚೆಲ್ಲೋ ನುಡಿಯಿತು. ನಿಜ ಹೇಳಬೇಕೆಂದರೆ ಕಣ್ಣಲ್ಲಿ ನೀರು ಬಂತು. ಸರಿಯಾಗಿ ಹದಿನೈದು ನಿಮಿಷಕ್ಕೆ ನಿಂತೇ ಹೋಯಿತು. ಕಾಂಟ್ಯಾಕ್ಟ್ ಪ್ಲೇಯರಿಗೆಂದು ಲೈಸೆನ್ಸ್ ಆಗಿರದ ಲೈಬ್ರರಿಗಳು ಅದರಲ್ಲಿ 15 ನಿಮಿಷದ ಡೆಮೊ ಆಗಿ ಮಾತ್ರ ನಡೆಯುತ್ತವೆ, ಪೂರ್ತಿ ನಡೆಯಲು ಹಣ ಕೊಟ್ಟು ಕೊಳ್ಳುವ ಕಾಂಟ್ಯಾಕ್ಟೇ ಬೇಕು. ಇದು ಎಲ್ಲರಿಗೂ ಗೊತ್ತಿರುವ ವಿಷಯ, ಆಸೆಯಲ್ಲಿ ನಾನು ಮರೆತೆ. ಅದಾದರೂ ಕೊಂಡರಾಯಿತು ಅಂದುಕೊಂಡು ಲೈಬ್ರರಿಯ ಒಪ್ಪಂದ ಓದಿದೆ. ಲೈಸೆನ್ಸ್ ಮೊದಲು ಕೊಂಡವರಿಗೆ ಮಾತ್ರ, ಬೇರೆಯವರಿಗೆ ವರ್ಗಾಯಿಸುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನು ಕೊಂಡದ್ದಕ್ಕೆ ಬೆಲೆಯೇ ಇಲ್ಲ, ಅದನ್ನು ಗೆಳೆಯನ ಚಿತ್ರದಲ್ಲಿ ಬಳಸಿದರೆ ಅವನಿಗೂ ತೊಂದರೆ. ಮಾರಿದವರಿಗೆ ಬರೆದರೆ ಉತ್ತರವಿಲ್ಲ.

ಸರಿ, ಬೇರೆ ಸೋಲೋ ಚೆಲ್ಲೋ ಲೈಬ್ರರಿ ಹಾಕಿದರಾಯಿತು, ಯಾವ ಸ್ವರ, ಯಾವಾಗ, ಎಷ್ಟು ಜೋರಾಗಿ ಅನ್ನುವುದನ್ನು ಬರೆದಿಟ್ಟ ಮಿಡಿ ಹೇಗೂ ಇದೆಯಲ್ಲ ಅಂತ ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಹಾಕಿ ಪ್ಲೇ ಒತ್ತಿದೆ. ಹನ್ನೆರಡನೇ ಬಾರ್‌ನಲ್ಲಿ, ಅಂದರೆ ತಾಳದ ಹನ್ನೆರಡನೇ ಆವರ್ತದಲ್ಲಿ, ಉದ್ದಕ್ಕೆ ಎಳೆಯಬೇಕಾದ ಸ್ವರ ‘ಟಣ್’ ಅಂತ ಮೀಟಿ ಸುಮ್ಮನಾಯಿತು. ಹಳೆಯದರಲ್ಲಿ ಕೀಬೋರ್ಡಿನ ತೀರಾ ಕೆಳಗಿನ ಕೀಲಿಗಳಲ್ಲಿ ಒಂದನ್ನು ಒತ್ತಿದರೆ ಕಮಾನು ಎಳೆಯುವ ಶೈಲಿ ಬರುತ್ತಿತ್ತು, ಹೊಸದರಲ್ಲಿ ಅದೇ ಕೀಲಿ ಮೀಟುವ ಶೈಲಿಗೆ. ಅದನ್ನು ಸರಿಮಾಡಿದೆ. ಆಮೇಲೆ ಮಾಡ್ ವೀಲ್, ಅಂದರೆ ಕೀಬೋರ್ಡಿನ ಪಕ್ಕದಲ್ಲಿ ಬೆರಳಿನಿಂದ ತಿರುಗಿಸುವ ಚಕ್ರ. ಹಳೆಯದರಲ್ಲಿ ಅದು ದನಿಯ ಏರಿಳಿತ ನೋಡಿಕೊಳ್ಳುತ್ತಿತ್ತು, ಹೊಸದರಲ್ಲಿ ಕಂಪನ. ನಾನು ಮೆಲ್ಲಗೆ ಏರಿಸಿಕೊಂಡು ಹೋಗಿದ್ದ ಕಡೆಯೆಲ್ಲ ದನಿ ಇದ್ದಷ್ಟೇ ಇದೆ, ನಡುಕ ಮಾತ್ರ ಹೆಚ್ಚುತ್ತಾ ಹೋಗುತ್ತದೆ. ಅದನ್ನೂ ಬೇರೆ ಕಂಟ್ರೋಲರಿಗೆ ಸರಿಸಿದೆ.

ಸರಿಮಾಡಲು ಆಗದೆ ಉಳಿದದ್ದು ಕಾಲದ ಲೆಕ್ಕ. ಸ್ವರದಿಂದ ಸ್ವರಕ್ಕೆ ಕೂಡಿಕೊಂಡು ಹೋಗುವ ಲೆಗಾಟೋ ಸ್ಯಾಂಪಲ್‌ಗಳಲ್ಲಿ ಬೆರಳು ಸರಿಯುವ ಸದ್ದು ಮೊದಲು ಬಂದು ಆಮೇಲೆ ಸ್ವರ ಬರುತ್ತದೆ. ಹಾಗಾಗಿ ಪ್ರತಿ ಸ್ವರವನ್ನೂ ತಾಳಕ್ಕಿಂತ ಸ್ವಲ್ಪ ಮುಂಚೆ ಇಡಬೇಕು. ಹಳೆಯ ಲೈಬ್ರರಿಗೆ ಸುಮಾರು 90 ಮಿಲಿಸೆಕೆಂಡ್ ಬೇಕಿತ್ತು. ಮೂರು ವರ್ಷದ ಹಿಂದೆ ಒಂದೊಂದು ಸ್ವರವನ್ನೂ ಮೌಸಿನಲ್ಲಿ ಹಿಡಿದು ಹಿಂದಕ್ಕೆ ಎಳೆದಿಟ್ಟವನು ನಾನೇ. ಹೊಸದರಲ್ಲಿ ಈ ವಿಳಂಬ ಒಂದೇ ಸಮ ಇಲ್ಲ, ವೇಗವಾಗಿ ನುಡಿಸಿದರೆ ಕಡಿಮೆ, ನಿಧಾನಕ್ಕೆ ನುಡಿಸಿದರೆ ಅದರ ಎರಡರಷ್ಟಕ್ಕಿಂತ ಹೆಚ್ಚು. ಚೆಲ್ಲೋ ಒಂದು ಕಡೆ ವಯಲಿನ್ನನ್ನು ಬಿಟ್ಟು ಓಡುತ್ತದೆ, ಇನ್ನೊಂದು ಕಡೆ ಹಿಂದೆ ಉಳಿಯುತ್ತದೆ. ನಲವತ್ತೆರಡನೇ ಬಾರ್‌ನಲ್ಲಿ ಒಂದು ಜಾರು ಇತ್ತು. ಕೀಲಿಯನ್ನು ತೀರಾ ಮೆತ್ತಗೆ ಒತ್ತಿದರೆ ಹಳೆಯ ಚೆಲ್ಲೋ ಮೇಲಿನ ಸ್ವರಕ್ಕೆ ಜಾರಿಕೊಂಡು ಹತ್ತುತ್ತಿತ್ತು. ಹೊಸದರಲ್ಲಿ ಎಷ್ಟು ಹೊತ್ತು ಕೂತರೂ ಆ ಜಾರು ಬರಲಿಲ್ಲ. ಇಡೀ ಸಂಗೀತ ನಿಂತದ್ದೇ ಆ ಎರಡು ಸ್ವರಗಳ ಮೇಲೆ.

ದೊಡ್ಡ ವಾದ್ಯಗೋಷ್ಠಿಯ ಸ್ಟ್ರಿಂಗ್ಸ್ ಆಗಿದ್ದರೆ ಇಷ್ಟು ಕಷ್ಟ ಆಗುತ್ತಿರಲಿಲ್ಲ. ಹದಿನಾರು ವಯಲಿನ್ ಒಟ್ಟಿಗೆ ನುಡಿದಾಗ ಸಣ್ಣಪುಟ್ಟ ವ್ಯತ್ಯಾಸ ಒಂದರಲ್ಲಿ ಒಂದು ಕರಗಿಹೋಗುತ್ತದೆ. ಒಂಟಿ ವಾದ್ಯ ಹಾಗಲ್ಲ, ಅದು ಒಬ್ಬ ಮನುಷ್ಯನ ದನಿಯ ಹಾಗೆ. ಮೆಲ್ಲಗೆ ನುಡಿಸಿದ ರೆಕಾರ್ಡಿಂಗಿನಿಂದ ಜೋರಾಗಿ ನುಡಿಸಿದ್ದಕ್ಕೆ ಹೊರಳುವಾಗ ಎರಡೂ ಅರೆಕ್ಷಣ ಒಟ್ಟಿಗೆ ಕೇಳುತ್ತವೆ. ಗೋಷ್ಠಿಯಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ. ಸೋಲೋದಲ್ಲಿ ಒಬ್ಬರ ಜಾಗದಲ್ಲಿ ಇಬ್ಬರು ಕೂತ ಹಾಗೆ, ದನಿ ಟೊಳ್ಳಾದ ಹಾಗೆ ಕೇಳುತ್ತದೆ. ಇದನ್ನು ಮರೆಮಾಚಲು ಒಬ್ಬೊಬ್ಬ ತಯಾರಕರದೂ ಒಂದೊಂದು ಉಪಾಯ. ಅದಕ್ಕೇ ಒಂದಕ್ಕೆಂದು ಬರೆದದ್ದು ಇನ್ನೊಂದರಲ್ಲಿ ನುಡಿಯುವುದಿಲ್ಲ.

ಒಂದೇ ಕಂಪನಿಯ ಕಥೆ ಅಂತ ತಳ್ಳಿಹಾಕಬೇಡಿ. 1998ರಲ್ಲಿ ಬಂದ ಗಿಗಾಸ್ಯಾಂಪ್ಲರ್, ಸ್ಯಾಂಪಲ್‌ಗಳನ್ನು ಪೂರ್ತಿ ಮೆಮೊರಿಗೆ ತುಂಬದೆ ನೇರ ಹಾರ್ಡ್ ಡಿಸ್ಕಿನಿಂದಲೇ ನುಡಿಸಿ ದೊಡ್ಡ ದೊಡ್ಡ ಲೈಬ್ರರಿಗಳಿಗೆ ದಾರಿ ಮಾಡಿಕೊಟ್ಟಿತು. ಅದರ ಮುಂದಿನ ರೂಪವಾದ ಗಿಗಾಸ್ಟುಡಿಯೋವನ್ನು 2008ರಲ್ಲಿ ನಿಲ್ಲಿಸಿದರು, ಆ ರೂಪದಲ್ಲಿ ಲೈಬ್ರರಿ ಕೊಂಡವರು ಬೇರೆ ಸ್ಯಾಂಪ್ಲರಿಗೆ ಪರಿವರ್ತಿಸಿಕೊಳ್ಳುತ್ತಾ ಕೂರಬೇಕಾಯಿತು. 2018ರಲ್ಲಿ ಸ್ಟೈನ್‌ಬರ್ಗ್ ಕಂಪನಿ ಪ್ಲಗಿನ್‌ಗಳ ಹಳೆಯ ಮಾದರಿಯಾದ ವಿಎಸ್‌ಟಿ 2ಕ್ಕೆ ಹೊಸ ಪರವಾನಗಿ ಕೊಡುವುದನ್ನು ನಿಲ್ಲಿಸಿತು. ಆಪಲ್ ಕಂಪ್ಯೂಟರುಗಳ 2019ರ ಸಿಸ್ಟಂ ಆದ ಮ್ಯಾಕ್‌ಓಎಸ್ ಕ್ಯಾಟಲೀನಾ ಹಳೆಯ ಕಾಲದ 32-ಬಿಟ್ ಪ್ರೋಗ್ರಾಮುಗಳನ್ನು ಕೈಬಿಟ್ಟಿತು, ಅದರ ಜೊತೆ ಎಷ್ಟೋ ಹಳೆಯ ಪ್ಲಗಿನ್‌ಗಳೂ ಹೋದವು. ಇ-ಲೈಸೆನ್ಸರ್ ಎಂಬ ಯುಎಸ್‌ಬಿ ಬೀಗದ ಸೇವೆ 2025ರಲ್ಲಿ ಮುಗಿಯಿತು. ತಯಾರಾಗುತ್ತಿರುವ ಲೈಬ್ರರಿಯಾದರೆ ಇಂಥ ಪ್ರತಿ ಬದಲಾವಣೆಗೂ ಯಾರೋ ಒಬ್ಬರು ಅಪ್‌ಡೇಟ್ ಬರೆಯುತ್ತಾರೆ. ಮಾರಾಟ ನಿಂತದ್ದಕ್ಕೆ ಯಾರೂ ಬರೆಯುವುದಿಲ್ಲ.

ಆದ್ದರಿಂದ ‘ಕೊನೆಯ ಅವಕಾಶ, ಇನ್ನು ಮುಂದೆ ಸಿಗುವುದಿಲ್ಲ’ ಅಂತ ಅಗ್ಗಕ್ಕೆ ಮಾರುವ ಸೋಲೋ ಲೈಬ್ರರಿ ಕಂಡರೆ ಕೈ ಹಾಕುವ ಮುನ್ನ ಅವರಿಗೊಂದು ಮೇಲ್ ಬರೆಯಿರಿ. ಮಾರಾಟ ನಿಂತ ಮೇಲೆ ಹೊಸ ಯಂತ್ರದಲ್ಲಿ ಆಕ್ಟಿವೇಟ್ ಮಾಡಬಹುದೇ, ಎಲ್ಲಿಯವರೆಗೆ, ಇಂಟರ್‌ನೆಟ್ ಇಲ್ಲದೆ ಆಗುತ್ತದೆಯೇ? ಉತ್ತರ ಬರಹದಲ್ಲಿ ಬರಲಿ. ಬರದಿದ್ದರೆ ಬಿಟ್ಟುಬಿಡಿ, ದನಿ ಎಷ್ಟೇ ಚೆನ್ನಾಗಿರಲಿ. ಸ್ಯಾಂಪಲ್‌ಗಳು ಬೀಗವಿಲ್ಲದ ವೇವ್ (ಸಾಮಾನ್ಯ ಆಡಿಯೋ) ಫೈಲುಗಳಾಗಿದ್ದರೆ, ಎಸ್‌ಎಫ್‌ಜೆಡ್‌ನಂಥ ಬರಿ ಪಠ್ಯದ ರೂಪದಲ್ಲಿ ಅವುಗಳ ಜೋಡಣೆ ಇದ್ದರೆ ಧೈರ್ಯವಾಗಿ ಕೊಳ್ಳಬಹುದು, ಅವನ್ನು ಓದುವ ಪ್ರೋಗ್ರಾಮು ಯಾವುದಾದರೂ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮಾರುವವರ ಮಾತು ನಂಬಬೇಡಿ, ವರ್ಗಾವಣೆಗೆ ಒಪ್ಪಿಗೆ ಕಂಪನಿಯಿಂದಲೇ ಬರಬೇಕು.

ಗೆಳೆಯನ ಬಳಿ ಹಳೆಯ ಮಿಕ್ಸ್ ಫೈಲ್ ಇತ್ತು. ವಯಲಿನ್, ಚೆಲ್ಲೋ, ರಿವರ್ಬ್ (ಕೋಣೆಯ ಅನುರಣನ) ಎಲ್ಲ ಬೆರೆತುಹೋಗಿದ್ದ ಒಂದೇ ಸ್ಟೀರಿಯೋ ಫೈಲ್. ಅದನ್ನೇ ಇಟ್ಟುಕೊಂಡು, ಅದು ಮುಗಿಯುವ ಕಡೆ ಹೊಸ ಲೈಬ್ರರಿಯ ವಯಲಿನ್ ಒಂದನ್ನೇ ಸೇರಿಸಿ ನಲವತ್ತು ಸೆಕೆಂಡ್ ತುಂಬಿಸಿದೆ. ಅವನಿಗೆ ಹಿಡಿಸಿತು. ಬೆಸುಗೆ ಎಲ್ಲಿದೆ ಅಂತ ನನಗೆ ಪ್ರತಿ ಸಲವೂ ಕೇಳಿಸುತ್ತದೆ. ಚೆಲ್ಲೋ ಟ್ರ್ಯಾಕ್ ಒಂದನ್ನೇ ಬೇರೆಯಾಗಿ ವೇವ್ ಫೈಲ್ ಮಾಡಿಟ್ಟಿದ್ದರೆ ಈ ಬೆಸುಗೆಯೇ ಬೇಕಿರಲಿಲ್ಲ.

ನಿಮ್ಮ ಹಳೆಯ ಯಂತ್ರ ಇನ್ನೂ ಕೈಲಿದ್ದರೆ ಇವತ್ತೇ ಸಂಜೆ ಆನ್ ಮಾಡಿ. ಸೋಲೋ ವಾದ್ಯ ಇರುವ ಪ್ರಾಜೆಕ್ಟುಗಳನ್ನು ಒಂದೊಂದಾಗಿ ತೆರೆಯಿರಿ. ರಿವರ್ಬ್ ತೆಗೆದು, ಪ್ರತಿ ವಾದ್ಯವನ್ನೂ ಬೇರೆ ಬೇರೆಯಾಗಿ, ಕೊನೆಯ ಸ್ವರ ಪೂರ್ತಿ ಆರುವವರೆಗೆ ಬಿಟ್ಟು 24-ಬಿಟ್ ವೇವ್ ಮಾಡಿ. ಮಿಡಿ ಫೈಲನ್ನೂ ಪಕ್ಕದಲ್ಲಿಡಿ. ಯಾವ ಕೀಲಿಗೆ ಯಾವ ಶೈಲಿ, ಮಾಡ್ ವೀಲ್ ಏನು ಮಾಡುತ್ತದೆ, ಸ್ವರಗಳನ್ನು ಎಷ್ಟು ಮಿಲಿಸೆಕೆಂಡ್ ಮುಂಚೆ ಇಟ್ಟಿದ್ದೀರಿ ಅನ್ನುವುದನ್ನೆಲ್ಲ ಒಂದು ಪಠ್ಯ ಫೈಲಿನಲ್ಲಿ ಬರೆದಿಡಿ. ಅದೆಲ್ಲ ಆದ ಮೇಲೆ, ಲೈಸೆನ್ಸನ್ನು ಡಿ-ಆಕ್ಟಿವೇಟ್ ಮಾಡುವ ಬಟನ್ ಇದ್ದರೆ ಅದನ್ನು ಒತ್ತುವ ಮೊದಲು ಹೊಸ ಆಕ್ಟಿವೇಶನ್ ಈಗಲೂ ಸಿಗುತ್ತಿದೆಯೇ ಅಂತ ಕಂಪನಿಯನ್ನು ಕೇಳಿ. ಸಿಗುತ್ತಿಲ್ಲ ಅಂದರೆ ಆ ಬಟನ್ ಮುಟ್ಟಬೇಡಿ, ಯಂತ್ರವನ್ನೂ ಯಾರಿಗೂ ಕೊಡಬೇಡಿ.